ಗಂಧಗರಿಗೆ ಒಂದೇ ಕಡೆ ಒತ್ತಾಗಿ ನೆಟ್ಟಿದ್ದು ಹಾಳಾಯಿತು, ಬೆರಕೆ ನೆಟ್ಟಿದ್ದು ಉಳಿಯಿತು. ಯಾಕೆ?

ಬ್ಯಾಣದಂಚು · ಮೇ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರ ಕಡೆಯವನು. ನಮ್ಮದೊಂದು ಎಕರೆ ಬ್ಯಾಣ, ಅಂದರೆ ದನ ಮೇಯುವ ಹುಲ್ಲುಗಾವಲು, ದನ ಕಡಿಮೆಯಾದ ಮೇಲೆ ಸುಮ್ನೆ ಬಿದ್ದಿತ್ತು. ಆರು ವರ್ಷದ ಹಿಂದೆ ಅಲ್ಲಿ ಕಾಡು ಎಬ್ಬಿಸೋಣ ಅಂತ ಗಿಡ ನೆಟ್ಟೆ. ಗಿಡದಿಂದ ಗಿಡಕ್ಕೆ 2 ಮೀಟರ್. ಸುಮಾರು 1000 ಗಿಡ ಹಿಡಿಯಿತು.

ಅರ್ಧ ಎಕರೆಗೆ ಬರೀ ಗಂಧಗರಿಗೆ ಮರದ ಸಸಿ ಹಾಕಿದೆ. ನಿಮ್ಮಲ್ಲಿ ಕೆಲವರು ಇದನ್ನು ನೊಗೆ ಅಂತೀರಿ. ಬೇಗ ಬೆಳೆಯುತ್ತದೆ, ಒಂದೇ ಜಾತಿ ಇದ್ದರೆ ನೋಡಿಕೊಳ್ಳುವುದು ಸುಲಭ ಅಂತ ಸಸಿ ಕೊಟ್ಟವರು ಹೇಳಿದ್ದರು. ಉಳಿದ ಅರ್ಧ ಎಕರೆಗೆ ಸಸಿ ಸಾಲಲಿಲ್ಲ. ಅಮ್ಮ ಸೊಪ್ಪಿಗೆ ಹೋದಾಗೆಲ್ಲ ಕಾನಿನಂಚಿನಿಂದ ಕಿತ್ತು ತಂದ ಸಸಿಗಳನ್ನೇ ಅಲ್ಲಿ ನೆಟ್ಟೆವು. ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು, ಉಪ್ಪಾಗೆ, ಮುರುಗಲು, ನೇರಳೆ, ರಾಮಪತ್ರೆ, ಹೀಗೆ 17 ಜಾತಿ. ಅವುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಗಂಧಗರಿಗೆಯೂ ಇದೆ.

ಈಗ ನೋಡಿದರೆ ಬರೀ ಗಂಧಗರಿಗೆ ಇರುವ ಕಡೆ ಸುಳಿ ಒಣಗಿ, ಪಕ್ಕದಿಂದ ನಾಲ್ಕೈದು ಕವಲು ಒಡೆದು, ಗಿಡಗಳು ಪೊದೆಯ ಹಾಗೆ ನಿಂತಿವೆ. ತುಂಬಾ ಸತ್ತೂ ಹೋಗಿವೆ. ಬೆರಕೆ ಕಡೆ ಇರುವ ಅದೇ ಗಂಧಗರಿಗೆ ನೆಟ್ಟಗೆ ಮೇಲೆ ಹೋಗಿದೆ. ಮಣ್ಣು ಒಂದೇ, ಮಳೆ ಒಂದೇ, ಅಂತರವೂ ಒಂದೇ. ಗೊಬ್ಬರ ಹಾಕಿದ್ದು ಬರೀ ಗಂಧಗರಿಗೆ ಇರುವ ಕಡೆ ಮಾತ್ರ. ಒತ್ತಾಯಿತು ಅಂತ ಸತ್ತವು ಅನ್ನೋಣ ಅಂದರೆ ಬೆರಕೆ ಕಡೆಯೂ ಅಷ್ಟೇ ಒತ್ತು ಇದೆ ಅಲ್ವಾ? ತಲೆಗೆ ಹತ್ತುತ್ತಿಲ್ಲ. ತಿಳಿದವರು ಹೇಳಿ.

ಹಳೇಕಾನು · ಮೇ 12, ಬೆಳಿಗ್ಗೆ 6:15

ತಮ್ಮಾ, ಒಣಗಿದ ಸುಳಿಯನ್ನು ಉದ್ದಕ್ಕೆ ಸೀಳಿ ನೋಡು. ಒಳಗೆ ಪೊಳ್ಳಾಗಿ, ಹಿಕ್ಕೆ ತುಂಬಿ, ಹುಳು ಸಿಕ್ಕರೆ ಅದು ಸುಳಿ ಕೊರೆಯುವ ಹುಳು. ಮಹಾಗನಿಗೂ ಇದೇ ಕಾಟ. ನಾನು ಮಹಾಗನಿ ಹಾಕಿ ಅನುಭವಿಸಿದ್ದೇನೆ. ಒಂದು ಸಾಲಿಗೆ ಬಂದರೆ ಮುಂದಿನ ಚಿಗುರಿನ ಹೊತ್ತಿಗೆ ಎಲ್ಲ ಸಾಲಿಗೂ ಬರುತ್ತದೆ.

ಬ್ಯಾಣದಂಚು · ಮೇ 12, ಸಂಜೆ 5:50

ಸೀಳಿ ನೋಡಿದೆ ಅಣ್ಣ. ನೀವು ಹೇಳಿದ ಹಾಗೇ ಇದೆ. 10 ಸುಳಿ ಸೀಳಿದರೆ 7ರಲ್ಲಿ ಹುಳು ಅಥವಾ ಅದರ ಹಿಕ್ಕೆ. ಬೆರಕೆ ಕಡೆ ಒಣಗಿದ ಸುಳಿ ಹುಡುಕುವುದೇ ಕಷ್ಟವಾಯಿತು.

ಹುಳುವಿಗೆ ರೆಕ್ಕೆ ಬರುತ್ತದೆ, ಹಾರುತ್ತದೆ. 50 ಮೀಟರ್ ಆಚೆಗಿನ ಗಿಡ ಅದಕ್ಕೆ ಯಾಕೆ ಸಿಗಲಿಲ್ಲ?

ಟೇಪು ಹಿಡಿದವಳು · ಮೇ 12, ರಾತ್ರಿ 10:20

ನಾನು ಹಿಂದೆ ಕಾಡಿನಲ್ಲಿ ಮರ ಅಳೆಯುವ ಕೆಲಸ ಮಾಡಿದವಳು. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಬಣ್ಣದ ಗೆರೆ ಎಳೆದು, ನಂಬರ್ ತಗಡು ಹೊಡೆದು, ಸುತ್ತಳತೆ ಬರೆದುಕೊಳ್ಳಬೇಕು. ಕೆಲವು ವರ್ಷ ಬಿಟ್ಟು ಅದೇ ಗೆರೆಯ ಮೇಲೆ ಮತ್ತೆ ಟೇಪು ಸುತ್ತಬೇಕು. ಯಾವುದು ದಪ್ಪವಾಯಿತು, ಯಾವುದು ಸತ್ತಿತು, ಹೊಸದಾಗಿ ಯಾವುದು ಬಂತು ಅಂತ ಬರೆಯಬೇಕು. ಜಿಗಣೆ ಕಚ್ಚಿಸಿಕೊಂಡು ಮಾಡುವ ಬೇಸರದ ಕೆಲಸ. ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿರುವುದು ಇಂಥ ಕೆಲಸದಿಂದಲೇ.

ಒಂದು ಗಿಡಕ್ಕೆ ನೆರೆಯಿಂದ ಎರಡು ಬಗೆಯ ತೊಂದರೆ ಬರುತ್ತದೆ. ಒಂದು ಬೆಳಕು, ನೀರು, ಬೇರಿನ ಜಾಗದ ಜಗಳ. ಇದಕ್ಕೆ ಪಕ್ಕದವನ ಜಾತಿ ಅಷ್ಟೇನೂ ಮುಖ್ಯವಲ್ಲ. ದೊಡ್ಡ ಮರ ಯಾವುದಾದರೂ ನೆರಳು ನೆರಳೇ. ಇನ್ನೊಂದು ಶತ್ರುಗಳು. ಎಲೆ ತಿನ್ನುವ ಹುಳು, ಬೀಜ ಕೊರೆಯುವ ಹುಳು, ಬೇರು ಕೊಳೆಸುವ ಬೂಷ್ಟು. ಇವುಗಳಲ್ಲಿ ಬಹಳಷ್ಟು ಒಂದೇ ಜಾತಿಗೋ ಒಂದೇ ಬಳಗಕ್ಕೋ ಅಂಟಿಕೊಂಡಿರುತ್ತವೆ. ಅವಕ್ಕೆ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೇ ಎಲ್ಲ.

ನಿಮ್ಮ ತೋಟದಲ್ಲೇ ಲೆಕ್ಕ ಹಾಕಿ. 2 ಮೀಟರ್ ಚೌಕದಲ್ಲಿ ನೆಟ್ಟ ಒಂದು ಗಿಡಕ್ಕೆ ಸುತ್ತ 8 ನೆರೆಯವರು. ಒಂಟಿ ಜಾತಿಯ ಕಡೆ ಎಂಟಕ್ಕೆ ಎಂಟೂ ಗಂಧಗರಿಗೆ. ಹುಳು ಒಂದು ಗಿಡದಿಂದ ಎದ್ದು ಎತ್ತ ತಿರುಗಿದರೂ ಊಟ. ಬೆರಕೆ ಕಡೆ ಎಂಟರಲ್ಲಿ ಒಂದೂ ಇಲ್ಲದೆ ಇರಬಹುದು. ಅಲ್ಲಿ ಗಂಧಗರಿಗೆಯ ವಾಸನೆ ಹಿಡಿದು ಹೋಗುವುದೂ ಕಷ್ಟ, ಎತ್ತರದ ಬೇರೆ ಗಿಡಗಳು ಸುಳಿಯನ್ನು ಮರೆಮಾಡುತ್ತವೆ. ಎರಡೂ ಕಡೆ ಒತ್ತು ಒಂದೇ ಅಂತ ನೀವು ಅಂದಿರಿ. ಗಿಡ ಎಣಿಸಿದರೆ ಒಂದೇ. ಗಂಧಗರಿಗೆ ಎಣಿಸಿದರೆ ಒಂದೇ ಅಲ್ಲ.

ಸತ್ತದ್ದು ಯಾಕೆ ಅಂದರೆ, ಈ ಹುಳು ಸಾಮಾನ್ಯವಾಗಿ ಗಿಡವನ್ನು ನೇರವಾಗಿ ಕೊಲ್ಲುವುದಿಲ್ಲ. ಸುಳಿ ಕಳೆದುಕೊಂಡ ಗಿಡ ಕುಳ್ಳಾಗುತ್ತದೆ, ತಪ್ಪಿಸಿಕೊಂಡ ಪಕ್ಕದ ಗಿಡ ಅದರ ಮೇಲೆ ನೆರಳು ಹಾಕುತ್ತದೆ. ಆಮೇಲೆ ಮೊದಲ ಬಗೆಯ ಜಗಳದಲ್ಲಿ ಅದು ಸೋಲುತ್ತದೆ. ನಿಮ್ಮಲ್ಲಿ ಎರಡೂ ಸೇರಿ ಕೆಲಸ ಮಾಡಿವೆ ಅಂತ ನನ್ನ ಅನಿಸಿಕೆ.

ಬ್ಯಾಣದಂಚು · ಮೇ 13, ಬೆಳಿಗ್ಗೆ 7:05

ಅಕ್ಕ, ಎಂಟು ನೆರೆಯವರ ಲೆಕ್ಕ ಓದಿ ತಕ್ಷಣ ಹೋಗಿ ನೋಡಿದೆ. ಹೌದು. ಇನ್ನೊಂದು ನೆನಪಾಯಿತು. ಕಾನಿನಲ್ಲಿ ರಾಮಪತ್ರೆ ಮರದ ಬುಡದಲ್ಲಿ ಮಳೆಗಾಲದಲ್ಲಿ ಸಸಿ ಹಾಸಿದ ಹಾಗೆ ಹುಟ್ಟಿರುತ್ತದೆ. ಮುಂದಿನ ವರ್ಷ ಹೋದರೆ ಒಂದೆರಡು ಇದ್ದರೆ ಹೆಚ್ಚು. ಅಮ್ಮ ಯಾವಾಗಲೂ ತಾಯಿ ಮರದಿಂದ ದೂರ ಇರುವ ಸಸಿಯನ್ನೇ ಕೀಳುತ್ತಿದ್ದಳು. ಯಾಕೆ ಅಂತ ಕೇಳಿದರೆ "ಬುಡದ್ದು ಬದುಕಲ್ಲ" ಅನ್ನುತ್ತಿದ್ದಳು. ಇದೂ ಅದೇನಾ?

ಟೇಪು ಹಿಡಿದವಳು · ಮೇ 13, ಮಧ್ಯಾಹ್ನ 1:30

ಅದೇ! ನಿಮ್ಮ ಅಮ್ಮ ಹೇಳಿದ್ದನ್ನೇ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಬರೆದರು. 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್. ತಾಯಿ ಮರದ ಕೆಳಗೆ ಬೀಜ ಬೀಳುವುದು ಜಾಸ್ತಿ. ಆ ಜಾತಿಯ ಹುಳು, ಬೂಷ್ಟು ಕಾಯುತ್ತಿರುವುದೂ ಅಲ್ಲೇ. ಹಾಗಾಗಿ ದೂರ ಹೋದ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು, ತಾಯಿಯ ಬುಡದ ಜಾಗ ಬೇರೆ ಜಾತಿಗೆ ಸಿಗುತ್ತದೆ. ಯಾವುದೇ ಒಂದು ಜಾತಿ ಜಾಸ್ತಿಯಾದಷ್ಟೂ ಅದಕ್ಕೇ ಪೆಟ್ಟು ಬೀಳುತ್ತದೆ. ಕಾಡಿನಲ್ಲಿ ಇಷ್ಟೊಂದು ಜಾತಿ ಒಟ್ಟಿಗೆ ಉಳಿದಿರುವುದಕ್ಕೆ ಇದೊಂದು ಕಾರಣ ಅಂತ ಅವರ ವಾದ.

ಪನಾಮಾ ಕಾಲುವೆಗೆ ಅಂತ ಕಟ್ಟಿದ ಗಟುನ್ ಸರೋವರದಲ್ಲಿ ಬಾರೋ ಕೊಲರಾಡೊ ಅನ್ನುವ ದ್ವೀಪ ಇದೆ. ಅಲ್ಲಿ 1980ರ ದಶಕದ ಶುರುವಿನಿಂದ 50 ಹೆಕ್ಟೇರ್ ಕಾಡಿನಲ್ಲಿ 1 ಸೆಂಟಿಮೀಟರ್ ದಪ್ಪಕ್ಕಿಂತ ಮೇಲಿನ ಪ್ರತಿ ಗಿಡಕ್ಕೂ ನಂಬರ್ ಕೊಟ್ಟು ಅಳೆಯುತ್ತಿದ್ದಾರೆ. ಎರಡು ಲಕ್ಷಕ್ಕೂ ಹೆಚ್ಚು ಗಿಡ, ಸುಮಾರು 300 ಜಾತಿ. ಅದೇ ಕಾಡಿನಲ್ಲಿ ಬುಟ್ಟಿ ಇಟ್ಟು ಬಿದ್ದ ಬೀಜ ಎಣಿಸಿ, ಪಕ್ಕದಲ್ಲಿ ಹುಟ್ಟಿದ ಸಸಿ ಎಣಿಸಿದರು. 2000ದಲ್ಲಿ ಬಂದ ಫಲಿತಾಂಶದಲ್ಲಿ ನೋಡಿದ 53 ಜಾತಿಗಳಲ್ಲಿ ಒಂದೂ ಬಿಡದೆ ಇದೇ ಕಥೆ. ಬೀಜ ಒತ್ತಾಗಿ ಬಿದ್ದ ಕಡೆ, ಬೀಜದ ಲೆಕ್ಕಕ್ಕೆ ಸಸಿ ಕಡಿಮೆ.

ಹಳೇಕಾನು · ಮೇ 13, ರಾತ್ರಿ 8:00

ಹುಳು ಕಣ್ಣಿಗೆ ಕಾಣುತ್ತದೆ, ಒಪ್ಪುತ್ತೇನೆ. ಬೂಷ್ಟು ಕೊಂದಿತು ಅಂತ ಹೇಗೆ ಹೇಳುತ್ತೀರಿ? ನೆರಳಿಗೇ ಸತ್ತಿರಬಹುದಲ್ಲ?

ಟೇಪು ಹಿಡಿದವಳು · ಮೇ 13, ರಾತ್ರಿ 9:10

ಒಳ್ಳೆ ಪ್ರಶ್ನೆ ಸರ್. ಅಮೆರಿಕದ ಇಂಡಿಯಾನಾದಲ್ಲಿ ಬ್ಲ್ಯಾಕ್ ಚೆರ್ರಿ ಅನ್ನುವ ಕಾಡುಮರದ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ತಾಯಿ ಮರದ ಬುಡದ ಮಣ್ಣಿನಲ್ಲಿ ಸಸಿ ಬೆಳೆಸಿದರೆ ಸಾಯುತ್ತಿತ್ತು. ಅದೇ ಮಣ್ಣನ್ನು ಕ್ರಿಮಿ ಸಾಯುವ ಹಾಗೆ ಬಿಸಿ ಮಾಡಿ ಬೆಳೆಸಿದಾಗ ಹೆಚ್ಚು ಸಸಿ ಬದುಕಿದವು. ಸಾಯಿಸುತ್ತಿದ್ದುದು ಪೈಥಿಯಂ ಅನ್ನುವ ಬೂಷ್ಟಿನಂಥ ಕ್ರಿಮಿ. ಶುಂಠಿ ಬೆಳೆದವರಿಗೆ ಈ ಹೆಸರು ಗೊತ್ತಿರುತ್ತದೆ, ಗಡ್ಡೆ ಕೊಳೆಸುವುದು ಇದರ ಬಳಗವೇ. ನಮ್ಮ ಅಡಿಕೆ ಕೊಳೆರೋಗದ ಫೈಟೊಫ್ತೊರಾ ಕೂಡ ಇದರ ನೆಂಟ.

ಬೆಲೀಜ್ ದೇಶದ ಕಾಡಿನಲ್ಲಿ ಇನ್ನೊಂದು ಮಾಡಿದರು. ಕೆಲವು ತುಂಡು ನೆಲಕ್ಕೆ ಬೂಷ್ಟುನಾಶಕ ಹೊಡೆದರು, ಕೆಲವಕ್ಕೆ ಕೀಟನಾಶಕ, ಕೆಲವಕ್ಕೆ ಬರೀ ನೀರು. ಬೂಷ್ಟುನಾಶಕ ಹೊಡೆದ ಕಡೆ ಸಸಿಗಳ ಜಾತಿ ವೈವಿಧ್ಯ 16% ಕಡಿಮೆಯಾಯಿತು. ಕೀಟನಾಶಕ ಹೊಡೆದ ಕಡೆ ಯಾವ ಜಾತಿ ಎಷ್ಟು ಅನ್ನುವುದೇ ಬದಲಾಗಿಹೋಯಿತು. 2014ರಲ್ಲಿ ಇದು ಪ್ರಕಟವಾಯಿತು. ನಾವು ತೋಟದಲ್ಲಿ ಬೋರ್ಡೊ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದು ಯಾವುದನ್ನು ದೂರ ಇಡುತ್ತೇವೋ, ಅದರ ಬಳಗವೇ ಕಾನಿನಲ್ಲಿ ಹತ್ತು ಜಾತಿಗೆ ಜಾಗ ಮಾಡಿಕೊಡುತ್ತಿದೆ. ಇದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ.

ಮೈಸೂರು ಮಳೆ · ಮೇ 14, ಬೆಳಿಗ್ಗೆ 11:00

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮಿಯಾವಾಕಿ ಕಾಡು (ಸಸಿಗಳನ್ನು ತುಂಬಾ ಒತ್ತಾಗಿ ನೆಡುವ ಜಪಾನಿ ಪದ್ಧತಿ) ಮಾಡುತ್ತಿದ್ದೇವೆ. ಚದರ ಮೀಟರಿಗೆ 3ರಿಂದ 4 ಸಸಿ. ಬ್ಯಾಣದಂಚು ಅವರ 2 ಮೀಟರ್ ಇದರ ಮುಂದೆ ಬಯಲು! ಜಾತಿ ಬೆರಕೆ ಇದ್ದರೆ ಎಷ್ಟು ಒತ್ತಿದರೂ ಪರವಾಗಿಲ್ಲ ಅಂತ ಅರ್ಥನಾ?

ಟೇಪು ಹಿಡಿದವಳು · ಮೇ 14, ಮಧ್ಯಾಹ್ನ 2:15

ಇಲ್ಲ. ಬೆರಕೆ ಇದ್ದರೆ ಶತ್ರುವಿನ ಕಾಟ ತಗ್ಗುತ್ತದೆ, ಬೆಳಕಿನ ಜಗಳ ಹೋಗುವುದಿಲ್ಲ.

ಕೊಡಗಿನಲ್ಲಿ ಪುಷ್ಪಗಿರಿ ಬುಡದ ಉಪ್ಪಂಗಳ ಕಾಡಿನ ಲೆಕ್ಕ ಕೊಡುತ್ತೇನೆ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು 1990ರ ಆಸುಪಾಸಿನಿಂದ ಅಲ್ಲಿ ಮರ ಅಳೆಯುತ್ತಿದ್ದಾರೆ. 3.12 ಹೆಕ್ಟೇರಿನಲ್ಲಿ, 30 ಸೆಂಟಿಮೀಟರ್ ಸುತ್ತಳತೆಗಿಂತ ಮೇಲಿನವು 1981 ಮರ, 91 ಜಾತಿ. ಹೆಕ್ಟೇರಿಗೆ 635 ಮರ. ಎಕರೆಗೆ ಇಳಿಸಿದರೆ 257. ಕಡಿಯದೆ ಉಳಿದ ದಟ್ಟ ಕಾನು ಹೊರುವುದೇ ಅಷ್ಟು. ಅದಕ್ಕಿಂತ ಸಣ್ಣ ಗಿಡ ಕೆಳಗೆ ಬೇಕಾದಷ್ಟು ಇರುತ್ತವೆ, ಅದು ಬೇರೆ. ಎಕರೆಗೆ 1000 ನೆಟ್ಟರೆ ಅದರಲ್ಲಿ ಮುಕ್ಕಾಲು ಪಾಲು ಮರವಾಗುವ ಮೊದಲೇ ಹೋಗಲೇಬೇಕು. ನಿಮ್ಮ ಅಳತೆಯಲ್ಲಿ ಎಕರೆಗೆ 12,000 ದಾಟುತ್ತದೆ. ಮೊದಲ ಮೂರು ವರ್ಷ ಹಸಿರಾಗಿ ಕಾಣುತ್ತದೆ, ಕಳೆ ಬರುವುದಿಲ್ಲ, ನಿಜ. ಆಮೇಲೆ ಗಿಡಗಳು ಸಾಯತೊಡಗಿದರೆ ಗಾಬರಿಯಾಗಬೇಡಿ. ಆದರೆ ಬೇಗ ಬೆಳೆಯುವ ಜಾತಿ ನಿಧಾನದವನ್ನು ಮುಚ್ಚಿ ಕೊಲ್ಲುತ್ತದೆ. ಸಾಯುವುದು ಯಾವುದು ಅಂತ ಬರೆದಿಡಿ. ನಿಧಾನ ಬೆಳೆಯುವವೇ ಸಾಯುತ್ತಿದ್ದರೆ ಬೇಗ ಬೆಳೆದದ್ದರ ಕೊಂಬೆ ಕತ್ತರಿಸಿ.

ಉಪ್ಪಂಗಳದಲ್ಲಿ ನನಗೆ ಇಷ್ಟವಾದ ಇನ್ನೊಂದು ವಿಷಯ ಇದೆ. ಅಲ್ಲಿ ನಾಲ್ಕು ಜಾತಿಗಳದ್ದೇ ಮೇಲುಗೈ. ಆದರೆ ನಾಲ್ಕೂ ಒಂದೇ ಎತ್ತರದಲ್ಲಿ ಕಿತ್ತಾಡುವುದಿಲ್ಲ. ಕೆಳಗೆ ಹಾಸಿಗೆ ಅನ್ನುವ ಸಣ್ಣ ಮರ, ಅದರ ಮೇಲೆ ರಾಮಪತ್ರೆಯ ಬಳಗದ್ದೊಂದು, ಅದಕ್ಕೂ ಮೇಲೆ ಸಾಲುಧೂಪ, ಎಲ್ಲಕ್ಕಿಂತ ಮೇಲೆ ತಲೆ ಎತ್ತಿ ನಿಲ್ಲುವ ಡಿಪ್ಟೆರೋಕಾರ್ಪಸ್ ಅನ್ನುವ ಮರ. ನಮ್ಮ ಅಡಿಕೆ ತೋಟದಲ್ಲಿ ಅಡಿಕೆ, ಬಾಳೆ, ಏಲಕ್ಕಿ ಇದ್ದ ಹಾಗೆ. ಬರೀ ಅಡಿಕೆಯನ್ನೇ ಅಷ್ಟು ಒತ್ತಾಗಿ ಇಡಲು ಆಗುತ್ತದಾ?

ಹಳೇಕಾನು · ಮೇ 14, ರಾತ್ರಿ 7:45

ನನಗೊಂದು ಕೊರೆಯುತ್ತಿದೆ. ಆಗುಂಬೆ, ಕುದುರೆಮುಖದ ಕಡೆ ಬಲಗಿ ಮರ ನೋಡಿದ್ದೀರಾ? ಒಂದೇ ಜಾತಿ ಗುಂಪುಗುಂಪಾಗಿ ನಿಂತಿರುತ್ತದೆ, ಕೆಳಗೆ ಅದರದ್ದೇ ಮರಿಗಳು. ಯಾವ ಹುಳುವೂ ಅದನ್ನು ತಿಂದು ಮುಗಿಸಿಲ್ಲ. ನಿಮ್ಮ ಮಾತು ಎಲ್ಲ ಮರಕ್ಕೂ ಹೊಂದುವುದಿಲ್ಲ.

ಟೇಪು ಹಿಡಿದವಳು · ಮೇ 14, ರಾತ್ರಿ 9:30

ಹೊಂದುವುದಿಲ್ಲ, ನಿಮ್ಮ ಮಾತು ಸರಿ. ಕಾಂಗೋದ ಇಟೂರಿ ಕಾಡಿನಲ್ಲಿ ಗಿಲ್ಬರ್ಟಿಯೊಡೆಂಡ್ರಾನ್ ಅನ್ನುವ ಒಂದೇ ಮರ ಕಾಡಿನ ಬಹುಪಾಲು ಆಕ್ರಮಿಸಿಕೊಂಡಿರುವ ಜಾಗಗಳಿವೆ. ಅದರ ಬೇರಿನ ಜೊತೆ ಸ್ನೇಹ ಮಾಡಿಕೊಂಡ ಶಿಲೀಂಧ್ರಗಳು ಬೇರಿಗೆ ಹೊದಿಕೆಯ ಹಾಗೆ ಸುತ್ತಿಕೊಂಡು, ಮಣ್ಣಿನಿಂದ ಆಹಾರ ತಂದುಕೊಡುತ್ತವೆ. ತಾಯಿಯ ಹತ್ತಿರ ಬಿದ್ದ ಬೀಜಕ್ಕೆ ಆ ಸ್ನೇಹ ಬೇಗ ಸಿಗುತ್ತದೆ. ಕೊಲ್ಲುವ ಬೂಷ್ಟಿಗಿಂತ ಸಾಕುವ ಬೂಷ್ಟು ಗೆದ್ದರೆ ಹತ್ತಿರ ಇರುವುದೇ ಲಾಭ.

ಶ್ರೀಗಂಧ ಇನ್ನೂ ಬೇರೆ. ಅದಕ್ಕೆ ಪಕ್ಕದಲ್ಲಿ ಬೇರೆ ಜಾತಿಯ ಗಿಡ ಇರಲೇಬೇಕು. ಅದರ ಬೇರಿಗೆ ತನ್ನ ಬೇರು ಅಂಟಿಸಿಯೇ ಅದು ಆಹಾರ ಹೀರುವುದು.

ಲೆಕ್ಕದ ಪುಸ್ತಕ · ಮೇ 15, ಬೆಳಿಗ್ಗೆ 10:10

ನಾನು ಅಂಕಿಅಂಶ ಪಾಠ ಮಾಡುವವನು. ಒಂದು ಎಚ್ಚರಿಕೆ ಹೇಳಬೇಕು. 2017ರಲ್ಲಿ ಪ್ರಪಂಚದ 24 ಅಳತೆ ಕಾಡುಗಳನ್ನು ಹೋಲಿಸಿ, ಉಷ್ಣವಲಯದಲ್ಲಿ ಸ್ವಜಾತಿಯ ಒತ್ತಿನ ಪೆಟ್ಟು ಜಾಸ್ತಿ ಅಂತ ಒಂದು ಲೇಖನ ಬಂತು. ಮರುವರ್ಷವೇ ಬೇರೆಯವರು ಅದೇ ಪತ್ರಿಕೆಯಲ್ಲಿ, ಲೆಕ್ಕದ ವಿಧಾನದಿಂದಲೇ ಅಂಥ ಫಲಿತಾಂಶ ಬರಬಹುದು ಅಂತ ತಕರಾರು ತೆಗೆದರು. ತಾಯಿ ಮರದ ಕೆಳಗೆ ಸಸಿ ಕಡಿಮೆ ಇದ್ದರೆ ಸತ್ತಿದ್ದರಿಂದಲೂ ಇರಬಹುದು, ಬೀಜ ದೂರ ಹೋಗಿದ್ದರಿಂದಲೂ ಇರಬಹುದು. ಒಂದು ಸಲ ಎಣಿಸಿದರೆ ಎರಡನ್ನೂ ಬಿಡಿಸಲು ಆಗುವುದಿಲ್ಲ. ವರ್ಷವರ್ಷ ಅದೇ ಗಿಡ ನೋಡಬೇಕು. ಬೆಲೀಜ್‌ನಲ್ಲಿ ಮಾಡಿದಂಥ ಪ್ರಯೋಗಗಳ ಮೇಲೆ ನನಗೆ ನಂಬಿಕೆ ಜಾಸ್ತಿ.

ಬ್ಯಾಣದಂಚು ಅವರೇ, ಬೆರಕೆ ಕಡೆ ನಿಮ್ಮಲ್ಲಿ ಗಂಧಗರಿಗೆ ಎಷ್ಟಿವೆ? ಎಣಿಸಿದ್ದೀರಾ?

ಬಂಡೀಪುರದಾಚೆ · ಮೇ 15, ಸಂಜೆ 4:40

ಮಲೆನಾಡಿನವರು ಒಣ ಕಾಡನ್ನು ಮರೆಯಬೇಡಿ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲೂ 50 ಹೆಕ್ಟೇರಿನ ಅಳತೆ ಕಾಡು ಇದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 1988-89ರಲ್ಲಿ ಶುರು ಮಾಡಿದ್ದು. ಪನಾಮಾದಷ್ಟೇ ಜಾಗ, ಆದರೆ ಜಾತಿ ಎಪ್ಪತ್ತರ ಆಸುಪಾಸು. ದಿಂಡಿಗ, ಮತ್ತಿ, ನಂದಿ, ತೇಗ. ಅಲ್ಲಿ ಗಿಡ ಬದುಕುವುದನ್ನು ತೀರ್ಮಾನಿಸುವುದು ಹೆಚ್ಚಾಗಿ ಬೆಂಕಿ ಮತ್ತು ಆನೆ. ಬೆಂಡೆ ಮರ ಅಲ್ಲಿ ಬೇಕಾದಷ್ಟಿತ್ತು. ಆನೆಗಳು ಮುರಿದು ತಿಂದು ಅದು ತುಂಬಾ ಇಳಿದುಹೋಯಿತು. ಬೆಂಕಿ ಬಂದರೆ ನೆರೆಯವನು ಯಾವ ಜಾತಿ ಅಂತ ನೋಡುವುದಿಲ್ಲ, ಸಣ್ಣ ಗಿಡವನ್ನೆಲ್ಲ ಸುಡುತ್ತದೆ.

ಟೇಪು ಹಿಡಿದವಳು · ಮೇ 15, ರಾತ್ರಿ 8:20

ಬಹಳ ಮುಖ್ಯವಾದ ಮಾತು. ತೇವ ಜಾಸ್ತಿ ಇದ್ದರೆ ಬೂಷ್ಟಿನ ಕೈ ಮೇಲು. ಮಳೆ ಜಾಸ್ತಿ ಇರುವ ಘಟ್ಟದಲ್ಲಿ ನೀಲಗಿರಿ ನೆಡುತೋಪುಗಳು ಗುಲಾಬಿ ರೋಗ ಅನ್ನುವ ಬೂಷ್ಟು ರೋಗಕ್ಕೆ ಸಿಕ್ಕಿ ಹಾಳಾದವು. ಒಣ ಬಯಲಿನಲ್ಲಿ ಅದೇ ನೀಲಗಿರಿ ಎದ್ದು ನಿಂತಿದೆ.

ಹೊರನಾಡಿನವಳು · ಮೇ 16, ಬೆಳಿಗ್ಗೆ 3:30

ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಹಾರ್ಟ್ಸ್ ಬೆಟ್ಟಕ್ಕೆ ಹೋಗಿದ್ದೆ. ಹಿಂದೆ ಮರದ ವ್ಯಾಪಾರಕ್ಕೆ ಅಂತ ಬರೀ ಸ್ಪ್ರೂಸ್ ನೆಟ್ಟಿದ್ದರು. 2018ರಿಂದ ಸತತ ಬರ ಬಂತು. ನೀರಿಲ್ಲದೆ ಬಡವಾದ ಮರಗಳ ತೊಗಟೆಗೆ ದುಂಬಿ ಬಿತ್ತು. ಬೆಟ್ಟಕ್ಕೆ ಬೆಟ್ಟವೇ ಬೂದು ಬಣ್ಣದ ಕಂಬಗಳ ಹಾಗೆ ನಿಂತಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಈಗ ಬೀಚ್, ಮೇಪಲ್ ಬೆರೆಸಿ ನೆಡುತ್ತಿದ್ದಾರೆ. ನೀವು ಅರ್ಧ ಎಕರೆಯಲ್ಲಿ ಕಂಡದ್ದನ್ನು ನಾನು ದಿಗಂತದವರೆಗೆ ಕಂಡೆ.

ಬ್ಯಾಣದಂಚು · ಮೇ 18, ಸಂಜೆ 6:30

ಎರಡು ದಿನ ಅಮ್ಮನೂ ನಾನೂ ಎಣಿಸಿದೆವು. ಒಂಟಿ ಕಡೆ ನೆಟ್ಟಿದ್ದು 500, ಉಳಿದದ್ದು 212. ಅದರಲ್ಲಿ ನೆಟ್ಟಗೆ ಒಂದೇ ಸುಳಿ ಇರುವುದು 31. ಬೆರಕೆ ಕಡೆ ಗಂಧಗರಿಗೆ ನೆಟ್ಟಿದ್ದು 24, ಉಳಿದದ್ದು 19, ನೆಟ್ಟಗಿರುವುದು 14. ಬೆರಕೆ ಕಡೆ ಉಳಿದ ಜಾತಿಗಳೂ ಸಾಕಷ್ಟು ಸತ್ತಿವೆ, ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಸುಮಾರು 500ರಲ್ಲಿ 340 ಇವೆ. ಸತ್ತದ್ದು ಚದುರಿಹೋಗಿ ಸತ್ತಿದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ.

ಒಂಟಿ ಕಡೆ ಏನು ಮಾಡಲಿ? ಎಲ್ಲ ಕಡಿದು ಹೊಸದಾಗಿ ನೆಡಲಾ?

ಲೆಕ್ಕದ ಪುಸ್ತಕ · ಮೇ 18, ರಾತ್ರಿ 8:00

24 ಸಣ್ಣ ಸಂಖ್ಯೆ. ಆದರೂ 24ಕ್ಕೆ 14 ನೆಟ್ಟಗಿರುವುದು, 500ಕ್ಕೆ 31 ನೆಟ್ಟಗಿರುವುದು, ಇದು ಸುಮ್ನೆ ಆಗುವ ವ್ಯತ್ಯಾಸ ಅಲ್ಲ. ಗೊಬ್ಬರ ಬಿದ್ದಿದ್ದು ಒಂದೇ ಕಡೆ ಅಂತ ಮೊದಲು ಬರೆದಿದ್ದಿರಿ. ಅದರ ಪಾಲು ಎಷ್ಟು ಅಂತ ಇದರಲ್ಲಿ ಬಿಡಿಸಲು ಬರುವುದಿಲ್ಲ.

ಹಳೇಕಾನು · ಮೇ 19, ಬೆಳಿಗ್ಗೆ 6:00

ಎಲ್ಲ ಕಡಿಯಬೇಡ ತಮ್ಮಾ. ಆ 31ಕ್ಕೆ ಬಣ್ಣ ಹಚ್ಚು. ಅವುಗಳ ಸುತ್ತ ಒತ್ತಿ ನಿಂತ ಪೊದೆ ಗಂಧಗರಿಗೆಯನ್ನು ಮಾತ್ರ ತೆಗೆ. ಗೊಬ್ಬರ ಸದ್ಯ ಬೇಡ, ಮೆತ್ತನೆ ಚಿಗುರು ಹುಳುವಿಗೆ ಬಲು ಇಷ್ಟ. ಕಡಿಯುವ ಮುಂಚೆ ಆ ಜಾಗದ ಕಾಗದಪತ್ರ ನೋಡಿಕೋ, ಅನುಮತಿ ಬೇಕಾಗಬಹುದು. ಖಾಲಿಯಾದ ಕಡೆ ಈ ಮಳೆಗೆ ಅಮ್ಮ ತರುವ ಸಸಿ ಹಾಕು. ಉಳಿದ ಗಂಧಗರಿಗೆಯ ನೆರಳು ಹೊಸ ಸಸಿಗೆ ಬೇಸಿಗೆಯಲ್ಲಿ ಉಪಕಾರವೇ.

ಟೇಪು ಹಿಡಿದವಳು · ಮೇ 19, ಬೆಳಿಗ್ಗೆ 9:45

ಹಳೇಕಾನು ಸರ್ ಹೇಳಿದ ಹಾಗೇ ಮಾಡಿ. ಹೊಸದನ್ನು ಹಾಕುವಾಗ ಒಂದು ಜಾತಿಯ ಪಕ್ಕ ಅದೇ ಜಾತಿ ಬರದ ಹಾಗೆ ನೋಡಿಕೊಳ್ಳಿ. ಎತ್ತರ ಹೋಗುವುದರ ಪಕ್ಕ ನೆರಳಲ್ಲಿ ಬದುಕುವ ಮುರುಗಲು, ಉಪ್ಪಾಗೆ ಇಡಿ. ಬೆರಕೆಯ ಲಾಭ ಬದುಕುವುದರಲ್ಲಷ್ಟೇ ಅಲ್ಲ, ಬೆಳೆಯುವುದರಲ್ಲೂ ಕಾಣುತ್ತದೆ. ಚೀನಾದ ಜಿಯಾಂಗ್‌ಶಿಯಲ್ಲಿ ಇದಕ್ಕೆ ಅಂತಲೇ ದೊಡ್ಡ ಪ್ರಯೋಗ ನೆಟ್ಟರು. 8 ವರ್ಷದ ನಂತರ, 16 ಜಾತಿ ಬೆರೆಸಿದ ತುಂಡುಗಳಲ್ಲಿ ಕೂಡಿದ್ದ ಇಂಗಾಲ, ಒಂಟಿ ಜಾತಿ ತುಂಡುಗಳ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು.

ಮತ್ತೆ, ಕಾನಿಗೆ ಮಂಗಟ್ಟೆ ಹಕ್ಕಿ, ಕಬ್ಬೆಕ್ಕು ಬರುತ್ತಿದ್ದರೆ ಅವಕ್ಕೆ ತೊಂದರೆ ಆಗದಿರಲಿ. ರಾಮಪತ್ರೆಯಂಥ ದಪ್ಪ ಬೀಜ ತಾಯಿಯಿಂದ ದೂರ ಹೋಗಲು ಹಕ್ಕಿಯೇ ಬೇಕು. ಅವು ಹೋದರೆ ಬೀಜವೆಲ್ಲ ಬುಡದಲ್ಲೇ ಬಿದ್ದು ಬುಡದಲ್ಲೇ ಸಾಯುತ್ತದೆ.

ಬ್ಯಾಣದಂಚು · ಜೂನ್ 9, ರಾತ್ರಿ 8:50

ಮಳೆ ಹಿಡಿಯಿತು. 90 ಪೊದೆ ತೆಗೆದೆವು, 60 ಸಸಿ ನೆಟ್ಟೆವು, 11 ಜಾತಿ. ಯಾವ ಗಿಡದ ಸುತ್ತ ಯಾರ್‍ಯಾರು ಅಂತ ಮಗಳು ಗ್ರಾಫ್ ಹಾಳೆಯಲ್ಲಿ ಬರೆದಿದ್ದಾಳೆ. ಎದೆಮಟ್ಟ ಮುಟ್ಟಿದ ಗಿಡಕ್ಕೆಲ್ಲ ಟೇಪು ಸುತ್ತಿದ್ದೇವೆ. ಅಕ್ಕ, ಒಂದು ಅನುಮಾನ. ಕವಲೊಡೆದ ಗಂಧಗರಿಗೆಯಲ್ಲಿ ಎದೆಮಟ್ಟದಲ್ಲಿ ನಾಲ್ಕು ಕೊಂಬೆ ಇವೆ. ಯಾವುದನ್ನು ಅಳೆಯುವುದು?

ಟೇಪು ಹಿಡಿದವಳು · ಜೂನ್ 9, ರಾತ್ರಿ 9:20

ನಾಲ್ಕನ್ನೂ ಅಳೆದು ನಾಲ್ಕನ್ನೂ ಬರೆಯಿರಿ, ಆದರೆ ಗಿಡದ ನಂಬರ್ ಒಂದೇ ಇರಲಿ. ಒದ್ದೆ ತೊಗಟೆಗೆ ಬಣ್ಣ ನಿಲ್ಲುವುದಿಲ್ಲ, ಎರಡು ದಿನ ಬಿಸಿಲು ಬಿದ್ದಾಗ ಗೆರೆ ಎಳೆಯಿರಿ. ಮುಂದಿನ ವರ್ಷವೂ ಜೂನ್‌ನಲ್ಲೇ ಅಳೆಯಬೇಕು. ಮಗಳ ಹಾಳೆಯ ಫೋಟೋ ಇಲ್ಲಿ ಹಾಕಿ, ನೋಡಬೇಕು ಅಂತ ಆಸೆ.